ಒಂದೇ ಮನೆ, ಮೂರು ಸಸಿ: ಹುಬ್ಬಳ್ಳಿಯ ಎರೆ ಮಣ್ಣಿನಲ್ಲಿ ಕ್ರೇಪ್ ಮರ್ಟಲ್

ಹುಬ್ಬಳ್ಳಿಯ ಕುಸುಗಲ್ ರಸ್ತೆಯ ಕಡೆ ನಮ್ಮ ಅಣ್ಣನ ಮನೆ ಇದೆ. 2019ರ ಜುಲೈನಲ್ಲಿ ಅಲ್ಲಿ ಮೂರು ಕ್ರೇಪ್ ಮರ್ಟಲ್ ಸಸಿ ಹಚ್ಚಿದೆವು. ಮೂರನ್ನೂ ಒಂದೇ ನರ್ಸರಿಯಿಂದ, ಒಂದೇ ದಿನ ತಂದಿದ್ದು. ಒಂದು ತಿಂಗಳೊಳಗೆ ಒಂದು ಸತ್ತಿತು. ಇನ್ನೊಂದು ಮೂರೂವರೆ ವರ್ಷ ರೋಗ ಹಿಡಿದುಕೊಂಡೇ ನಿಂತಿತ್ತು. ಮೂರನೆಯದು ಕ್ರೇಪ್ ಮರ್ಟಲ್ಲೇ ಆಗಿರಲಿಲ್ಲ. ಆದರೂ ಇವತ್ತು ಆ ಮನೆಯಲ್ಲಿ ಎರಡು ಗಿಡ ಚೆನ್ನಾಗಿ ಹೂ ಬಿಡುತ್ತಿವೆ. ಅಲ್ಲಿಗೆ ಬರುವವರೆಲ್ಲ ಕೇಳುವುದು ಒಂದೇ ಮಾತು: ನಮ್ಮ ಮನೆ ಮುಂದೆಯೂ ಇದನ್ನು ಹಚ್ಚಬಹುದಾ?

ಹೌದು ಅಥವಾ ಬೇಡ ಅಂತ ಹೇಳಲು ನನಗೆ ಆಗುತ್ತಿಲ್ಲ. ಈ ಗಿಡದ ಒಳ್ಳೆಯದು ಕೆಟ್ಟದ್ದು ಅಂತ ನಾನು ಮೊದಲು ಬರೆದಿಟ್ಟುಕೊಂಡಿದ್ದರಲ್ಲಿ ಅರ್ಧಕ್ಕರ್ಧ ಗಿಡದ ಗುಣ ಆಗಿರಲೇ ಇಲ್ಲ. ಅದನ್ನು ನಿಲ್ಲಿಸಿದ ಮೂಲೆಯ ಗುಣ ಆಗಿತ್ತು. ಈ ಆರು ವರ್ಷದಲ್ಲಿ ಏನೇನಾಯಿತು ಅಂತ ಪೂರ್ತಿ ಹೇಳಿದರೆ ಆ ಮಾತು ಅರ್ಥವಾಗುತ್ತದೆ.

ಮೊದಲು ಗಿಡದ ವಿಷಯ. ಕ್ರೇಪ್ ಮರ್ಟಲ್ ಅಂದರೆ ಲ್ಯಾಗರ್‌ಸ್ಟ್ರೋಮಿಯಾ ಇಂಡಿಕಾ. ಶಾಲೆಯ ಗ್ಯಾದರಿಂಗಿನಲ್ಲಿ ಸಿಂಗಾರಕ್ಕೆ ಕಟ್ಟುವ ಸುಕ್ಕುಸುಕ್ಕಾದ ಕ್ರೇಪ್ ಕಾಗದ ನೋಡಿರುತ್ತೀರಿ. ಇದರ ಎಸಳು ಹಾಗೇ ಇರುತ್ತದೆ. ಒಂದು ಹೂವಿಗೆ ಆರು ಎಸಳು, ಅವು ರೆಂಬೆಯ ತುದಿಯಲ್ಲಿ ಗೊಂಚಲು ಗೊಂಚಲಾಗಿ ಬರುತ್ತವೆ. ಗುಲಾಬಿ, ನೇರಳೆ, ಕೆಂಪು, ಬಿಳಿ ಬಣ್ಣಗಳಿವೆ. ದಾಳಿಂಬೆ, ಮದರಂಗಿ ಇವೆಲ್ಲ ಇದರ ಕುಟುಂಬದವೇ. ದಾಳಿಂಬೆ ಹೂವಿನ ಎಸಳನ್ನು ಒಮ್ಮೆ ಬಿಡಿಸಿ ನೋಡಿ, ಅದೇ ಸುಕ್ಕು ಕಾಣುತ್ತದೆ. ಉತ್ತರ ಭಾರತದಲ್ಲಿ ಇದಕ್ಕೆ ಸಾವನಿ ಅನ್ನುತ್ತಾರೆ, ಶ್ರಾವಣದ ಹೊತ್ತಿಗೆ ಹೂ ತುಂಬುತ್ತದೆ ಅಂತ. ಹಳೆಯದಾದ ಮೇಲೆ ಕಾಂಡದ ತೊಗಟೆ ಸುಲಿದು ಒಳಗೆ ನುಣುಪಾಗುತ್ತದೆ. ಜಪಾನಿನಲ್ಲಿ ಇದರ ಹೆಸರು ಸರುಸುಬೆರಿ. ಕೋತಿಯೂ ಜಾರುವ ಮರ ಅಂತ ಅರ್ಥ.

ಇದಕ್ಕೆ ನಮ್ಮ ಕಾಡಿನಲ್ಲೂ ನೆಂಟರಿದ್ದಾರೆ. ಅಳ್ನಾವರ, ದಾಂಡೇಲಿ ಕಡೆ ಹೋದರೆ ಬಿಳಿ ತೊಗಟೆಯ ನಂದಿ ಮರ ಕಾಣುತ್ತದಲ್ಲ, ಅದು ಇದೇ ಲ್ಯಾಗರ್‌ಸ್ಟ್ರೋಮಿಯಾ ಕುಲದ್ದು, ಜಾತಿ ಮಾತ್ರ ಬೇರೆ. ಹೊಳೆಯ ದಂಡೆಯಲ್ಲಿ ಬೆಳೆಯುವ ಹೊಳೆ ದಾಸವಾಳವೂ ಇದೇ ಕುಲದ್ದು. ಮಹಾರಾಷ್ಟ್ರದವರು ಅದನ್ನು ತಾಮ್ಹಣ ಅನ್ನುತ್ತಾರೆ, ಅವರ ರಾಜ್ಯ ಹೂ ಅದು. ಹೊಳೆ ದಾಸವಾಳದ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಮನೆ ಮತ್ತು ಮಣ್ಣು

ಅಣ್ಣ ಬ್ಯಾಂಕಿನಿಂದ ನಿವೃತ್ತನಾಗಿ 2018ರಲ್ಲಿ ಮನೆ ಕಟ್ಟಿದ. ಸೈಟು 40/60. ಮನೆ ಪೂರ್ವಕ್ಕೆ ಮುಖ. ಗೇಟಿನಿಂದ ಮನೆ ಗೋಡೆಗೆ 10 ಅಡಿ ಜಾಗ ಇದೆ. ಉತ್ತರದ ಪಕ್ಕಕ್ಕೆ 5 ಅಡಿಯ ಸಂದಿ, ಆಚೆ ಪಕ್ಕದವರ ಎರಡು ಅಂತಸ್ತಿನ ಮನೆ. ಹಿಂದೆ, ಅಂದರೆ ಪಶ್ಚಿಮಕ್ಕೆ, ಬಟ್ಟೆ ಒಗೆಯುವ ಕಲ್ಲು ಮತ್ತು ಸ್ವಲ್ಪ ಬಯಲು. ಗೇಟಿನ ಮುಂದೆ ರಸ್ತೆಗೆ ಸರಿಯಾಗಿ ಕರೆಂಟಿನ ವಾಯರ್ ಹಾದುಹೋಗಿದೆ.

ಆ ಬಡಾವಣೆ ಆಗುವ ಮೊದಲು ಅದೆಲ್ಲ ಎರೆ ಹೊಲ. ಹತ್ತಿ, ಕಡಲೆ ಬೆಳೆಯುತ್ತಿದ್ದರು. ಎರೆ ಮಣ್ಣಿನ ಸ್ವಭಾವ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಳೆ ಬಿದ್ದರೆ ಉಬ್ಬುತ್ತದೆ, ಕಾಲಿಗೆ ಕೆಜಿಗಟ್ಟಲೆ ಅಂಟುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿ ಸುಣ್ಣದ ಅಂಶ ಇರುತ್ತದೆ, ಮಣ್ಣು ಕ್ಷಾರದ ಕಡೆ ವಾಲಿರುತ್ತದೆ. ಕ್ರೇಪ್ ಮರ್ಟಲ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ನೀರು ಬಸಿದುಹೋಗುವ, ಸ್ವಲ್ಪ ಆಮ್ಲದ ಕಡೆಗಿರುವ ಮಣ್ಣು ಅದಕ್ಕೆ ಇಷ್ಟ. ಧಾರವಾಡದ ಕೆಂಪು ಮಣ್ಣಿನ ಅಂಗಳಗಳಲ್ಲಿ ಇದು ಸುಮ್ನೆ ಬೆಳೆದುಬಿಡುತ್ತದೆ. 20 ಕಿಲೋಮೀಟರ್ ಈಚೆ ಬಂದರೆ ಲೆಕ್ಕವೇ ಬೇರೆ.

ಇಷ್ಟು ನನಗೆ ಆಗ ಗೊತ್ತಿರಲಿಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಹೇಳಿದ್ದು ಎರಡೇ ಮಾತು: "ಹೂವಿನ ಗಿಡಾನ ಬೇಕು. ಆದ್ರ ದೊಡ್ಡದಾಗಿ ವಾಯರಿಗೆ ಹತ್ತಬಾರ್ದು." ಅಣ್ಣನಿಗೆ ಗೋಡೆಯ ಚಿಂತೆ. ಅದೇ ಓಣಿಯಲ್ಲಿ ಒಬ್ಬರ ಕಂಪೌಂಡು ಗುಲ್‌ಮೊಹರ್ ಬೇರಿಗೆ ಸೀಳಿತ್ತು. ಕಣಗಿಲೆ ಹಚ್ಚೋಣ ಅಂತ ಒಂದು ಮಾತು ಬಂತು, ಆದರೆ ಮನೆಯಲ್ಲಿ ಮೊಮ್ಮಗ ಅಂಬೆಗಾಲಿಡುತ್ತಿದ್ದ, ನಾಯಿಯೂ ಇತ್ತು. ಕಣಗಿಲೆಯ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಕ್ರೇಪ್ ಮರ್ಟಲ್ ವಿಷದ ಗಿಡ ಅಲ್ಲ. ಸಾಮಾನ್ಯವಾಗಿ 10ರಿಂದ 20 ಅಡಿಗೆ ನಿಲ್ಲುತ್ತದೆ. ಬೇರು ಗೋಡೆ ಸೀಳುವಷ್ಟು ಜೋರಿನದಲ್ಲ. ನಾನೇ ಇದನ್ನು ಸೂಚಿಸಿದೆ. ಆ ಆಯ್ಕೆ ತಪ್ಪಾಗಿರಲಿಲ್ಲ ಅಂತ ಈಗಲೂ ಅನ್ನುತ್ತೇನೆ.

ನರ್ಸರಿಯಲ್ಲಿ ಮೂರು ಸಸಿ ಆರಿಸಿದೆವು. ಚೀಟಿಯಲ್ಲಿ ಹೆಸರು ಇರಲಿಲ್ಲ, ಗುಲಾಬಿ, ಬಿಳಿ, ನೇರಳೆ ಅಂತ ಬಣ್ಣ ಮಾತ್ರ ಬರೆದಿತ್ತು. ಮೂರನೆಯದರ ಎಲೆ ಸ್ವಲ್ಪ ದೊಡ್ಡದು ಅನ್ನಿಸಿ ಕೇಳಿದೆ. "ಮೂರೂ ಒಂದ ಜಾತಿ ರೀ ಅಕ್ಕಾರ, ಬಣ್ಣ ಅಷ್ಟ ಬ್ಯಾರೆ" ಅಂದರು. ಒಪ್ಪಿಕೊಂಡು ಬಂದೆ.

ಆಗಸ್ಟ್ ಮಳೆ

ಗುಲಾಬಿಯನ್ನು ಗೇಟಿನ ಪಕ್ಕ, ಬಿಳಿಯದನ್ನು ಉತ್ತರದ ಸಂದಿಯಲ್ಲಿ, ನೇರಳೆಯನ್ನು ಹಿತ್ತಲಲ್ಲಿ ಹಚ್ಚುವುದು ಅಂತ ಆಯಿತು. ಎರೆ ಮಣ್ಣಿಗೆ ಹೆದರಿ ನಾವು ಒಂದು ಉಪಾಯ ಮಾಡಿದೆವು. ಎರಡೂವರೆ ಅಡಿ ಆಳದ ತೆಗ್ಗು ತೋಡಿಸಿ, ಎರೆ ಮಣ್ಣನ್ನೆಲ್ಲ ಹೊರಗೆ ಹಾಕಿ, ಧಾರವಾಡ ಕಡೆಯಿಂದ ತರಿಸಿದ ಕೆಂಪು ಮಣ್ಣು ಮತ್ತು ತಿಪ್ಪೆ ಗೊಬ್ಬರ ತುಂಬಿದೆವು. ಸಂದಿಯಲ್ಲಿ ಮಾತ್ರ ಒಂದು ಅಡಿಗೆ ಒಳಚರಂಡಿ ಪೈಪು ಸಿಕ್ಕಿತು. ಅಲ್ಲಿ ಆಳ ತೋಡಲು ಆಗಲಿಲ್ಲ.

2019ರ ಆಗಸ್ಟ್ ಮೊದಲ ವಾರ ಉತ್ತರ ಕರ್ನಾಟಕದಲ್ಲಿ ಯಾರಿಗೂ ಮರೆಯುವಂಥದ್ದಲ್ಲ. ಹೊಳೆ ಹಳ್ಳ ಎಲ್ಲ ತುಂಬಿ ಊರೂರೇ ನೀರಲ್ಲಿ ನಿಂತವು. ಮಳೆ ನಿಂತ ಮೇಲೂ ಅಣ್ಣನ ಗೇಟಿನ ಪಕ್ಕದ ತೆಗ್ಗಿನಲ್ಲಿ ಎಂಟು ದಿನ ನೀರು ಇಂಗಲಿಲ್ಲ. ಎಲೆ ಬಾಡಿತು. ನೀರಿದ್ದೂ ಯಾಕೆ ಬಾಡುತ್ತದೆ ಅಂತ ವೈನಿ ಕೇಳಿದರು. ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತು ವಾಸನೆ ಬರುತ್ತಿತ್ತು.

ಆದದ್ದು ಇಷ್ಟು. ಗಟ್ಟಿ ಎರೆ ಮಣ್ಣಿನೊಳಗೆ ನಾವು ಒಂದು ಬಾನಿ ಮಾಡಿಟ್ಟಿದ್ದೆವು. ಸಡಿಲವಾದ ಕೆಂಪು ಮಣ್ಣು ಸುತ್ತಲಿನ ನೀರನ್ನೆಲ್ಲ ತನ್ನೊಳಗೆ ಎಳೆದುಕೊಂಡಿತು. ಸುತ್ತಲಿನ ಎರೆ ಮಣ್ಣು ಉಬ್ಬಿ ಬಿಗಿಯಾಗಿತ್ತು, ನೀರನ್ನು ಹೊರಗೆ ಬಿಡಲಿಲ್ಲ. ಬೇರಿಗೆ ಗಾಳಿ ಸಿಗಲಿಲ್ಲ. ನಮ್ಮ ಕಡೆ ಬಹಳ ಜನ ಮಾಡುವ ತಪ್ಪು ಇದು, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಒಳ್ಳೆಯ ಮಣ್ಣು ಹಾಕುತ್ತಿದ್ದೇವೆ ಅಂದುಕೊಂಡೇ ಮಾಡುತ್ತೇವೆ. ಸಂದಿಯ ಸಸಿ ಉಳಿದದ್ದು ಪೈಪಿನಿಂದಾಗಿ. ಅದನ್ನು ಮೇಲೆ ಮೇಲೆ ಹಚ್ಚಿ ಸುತ್ತ ಮಣ್ಣು ಏರಿಸಿದ್ದೆವು, ನೀರು ಅಲ್ಲಿ ನಿಲ್ಲಲಿಲ್ಲ.

ಆದರೆ ಹಿತ್ತಲಿನ ತೆಗ್ಗೂ ಗೇಟಿನಷ್ಟೇ ಆಳ, ಅಲ್ಲೂ ಅಷ್ಟೇ ನೀರು ನಿಂತಿತ್ತು. ಆ ಸಸಿಗೆ ಏನೂ ಆಗಲಿಲ್ಲ. ಮಳೆಯಾದ ಮೇಲೆ ಇನ್ನೂ ಹುಮ್ಮಸ್ಸಿನಿಂದ ಚಿಗುರಿತು. ಇದು ಗಟ್ಟಿ ಜೀವ ಅಂತ ನಾವು ಖುಷಿಪಟ್ಟೆವು. ಖುಷಿಪಡುವ ಬದಲು ಯಾಕೆ ಅಂತ ಯೋಚಿಸಬೇಕಿತ್ತು.

ಹಿತ್ತಲಿನದು ಬೇರೆ ಮರ

ಎರಡು ವರ್ಷದೊಳಗೆ ಹಿತ್ತಲಿನ ಸಸಿ ನನ್ನ ತಲೆ ದಾಟಿತು. ಎಲೆ ನನ್ನ ಅಂಗೈಗಿಂತ ಉದ್ದ. ಸಂದಿಯಲ್ಲಿದ್ದ ಬಿಳಿ ಗಿಡದ ಎಲೆ ಹೆಬ್ಬೆರಳಿನಷ್ಟು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಅನುಮಾನ ಉಳಿಯಲಿಲ್ಲ. ಅದು ಹೊಳೆ ದಾಸವಾಳ. ಹೊಳೆದಂಡೆಯ ಮರ, ಕಾಲು ನೀರಲ್ಲಿದ್ದರೂ ಬದುಕುತ್ತದೆ. ಅದಕ್ಕೇ ಆಗಸ್ಟಿನಲ್ಲಿ ಅದಕ್ಕೆ ಏನೂ ಆಗಿರಲಿಲ್ಲ.

ಹೊಳೆ ದಾಸವಾಳ ಕೆಟ್ಟ ಮರ ಅಂತ ಯಾರೂ ತಿಳಿಯಬಾರದು. ಬೇಸಿಗೆಯಲ್ಲಿ ಅದರ ನೇರಳೆ ಹೂ ನೋಡಲು ಎರಡು ಕಣ್ಣು ಸಾಲದು. ಆದರೆ ಅದು 40–50 ಅಡಿ ಏರುವ ಮರ, ಜಾಗ ಸಿಕ್ಕರೆ ಇನ್ನೂ ಮೇಲೆ. ಮನೆ ಗೋಡೆಯಿಂದ ಆರೇ ಅಡಿ ದೂರದಲ್ಲಿತ್ತು. ಎರೆ ಮಣ್ಣಿನಲ್ಲಿ ದೊಡ್ಡ ಮರ ಅಡಿಪಾಯದ ಹತ್ತಿರ ಇದ್ದರೆ ಬೇರು ಸೀಳುವುದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬೇಸಿಗೆಯಲ್ಲಿ ಅದು ಮಣ್ಣಿನ ನೀರು ಹೀರುತ್ತದೆ, ಮಣ್ಣು ಮೊದಲೇ ಕುಗ್ಗುವಂಥದ್ದು, ಆ ಭಾಗ ಇನ್ನಷ್ಟು ಕುಗ್ಗಿ ಕೂರುತ್ತದೆ, ಗೋಡೆ ಬಿರುಕು ಬಿಡುತ್ತದೆ. ಆಮೇಲೆ ಕಡಿಯೋಣ ಅಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ನಮ್ಮದೇ ಅಂಗಳದ ಮರವಾದರೂ ಅನುಮತಿ ಕೇಳಬೇಕಾಗುತ್ತದೆ. ಅದು ಇರಬೇಕಾದ ಕಾಯ್ದೆಯೇ. ಮರ ದೊಡ್ಡದಾಗುವ ಮೊದಲೇ ನಾವು ಎಚ್ಚರಾಗಿದ್ದು ಒಳ್ಳೆಯದಾಯಿತು.

2021ರ ಜೂನ್‌ನಲ್ಲಿ ಬೇರಿನ ಹೆಂಟೆ ಒಡೆಯದ ಹಾಗೆ ಅಗೆದು, ಗೋಣಿ ತಟ್ಟು ಸುತ್ತಿ, ಕಲಘಟಗಿ ತಾಲ್ಲೂಕಿನ ನಮ್ಮ ಹೊಲಕ್ಕೆ ಒಯ್ದೆವು. ಅಲ್ಲಿ ಹಳ್ಳದ ಪಕ್ಕ ಹಚ್ಚಿದೆವು. ಮೊದಲ ವರ್ಷ ಸೊರಗಿತು, ಆಮೇಲೆ ಹಿಂತಿರುಗಿ ನೋಡಲಿಲ್ಲ. ಕಳೆದ ಬೇಸಿಗೆಯಲ್ಲಿ ಮೊದಲ ಸಲ ಹೂ ಬಿಟ್ಟಿತು.

ನರ್ಸರಿಯಲ್ಲಿ ಹೂವಿಲ್ಲದ ಕಾಲದಲ್ಲಿ ಸಸಿ ಕೊಳ್ಳುವವರು ಎಲೆ ನೋಡಿ. ಎಲೆ ಎರಡು ಮೂರು ಇಂಚಿನೊಳಗಿದ್ದು ಹೆಚ್ಚುಕಡಿಮೆ ತೊಟ್ಟೇ ಇಲ್ಲದಂತಿದ್ದರೆ ಕ್ರೇಪ್ ಮರ್ಟಲ್. ಐದಾರು ಇಂಚು ದಾಟಿದರೆ ಹೊಳೆ ದಾಸವಾಳ ಇರಬೇಕು ಅಂತ ತಿಳಿದು ಕೇಳಿ.

ಸಂದಿಯ ಬಿಳಿ ಗಿಡ

ಇದು ಸಾಯಲೂ ಇಲ್ಲ, ಚೆನ್ನಾಗಿ ಬದುಕಲೂ ಇಲ್ಲ. ಪಕ್ಕದ ಮನೆ ಎತ್ತರ ಇದ್ದುದರಿಂದ ದಿನಕ್ಕೆ ಮೂರು ತಾಸು ಬಿಸಿಲು ಬಿದ್ದರೆ ಹೆಚ್ಚು. ಈ ಗಿಡಕ್ಕೆ ಕಡಿಮೆ ಅಂದರೂ ಆರು ತಾಸು ಬೇಕು. ಗಾಳಿಯೂ ಆಡುತ್ತಿರಲಿಲ್ಲ. ಮಳೆಗಾಲ ಮುಗಿದು ಇಬ್ಬನಿ ಶುರುವಾಗುವ ಹೊತ್ತಿಗೆ ಚಿಗುರಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ. ದ್ರಾಕ್ಷಿಗೆ, ಮೆಣಸಿನಕಾಯಿಗೆ ಬರುವ ಹಾಗಿನ ಬೂದಿ ರೋಗ. ಎಲೆ ಮುದುಡಿ, ಮೊಗ್ಗು ಬಿಚ್ಚದೇ ಉದುರುತ್ತಿತ್ತು.

ನೀರಲ್ಲಿ ಕಲಸುವ ಗಂಧಕವನ್ನು ಲೀಟರಿಗೆ ಮೂರು ಗ್ರಾಂ ಹಾಕಿ ಹೊಡೆದೆವು. ರೋಗ ಇಳಿಯಿತು, ಮೂರು ವಾರಕ್ಕೆ ಮತ್ತೆ ಬಂತು. ಮೂರು ವರ್ಷ ಇದೇ ಕಥೆ. 2022ರಲ್ಲಿ ಇಡೀ ವರ್ಷಕ್ಕೆ ನಾನು ಎಣಿಸಿದ್ದು ನಾಲ್ಕು ಗೊಂಚಲು. ಆ ಹೊತ್ತಿಗೆ ಯಾರಾದರೂ ನನ್ನನ್ನು ಕೇಳಿದ್ದರೆ ಕ್ರೇಪ್ ಮರ್ಟಲ್ ರೋಗದ ಗಿಡ, ಬೇಡವೇ ಬೇಡ ಅಂತ ಹೇಳಿಬಿಡುತ್ತಿದ್ದೆ.

ಬೂದಿ ರೋಗ ತಡೆಯುವ ತಳಿಗಳು ಇವೆ. ಅಮೆರಿಕದ ರಾಷ್ಟ್ರೀಯ ವೃಕ್ಷೋದ್ಯಾನದವರು ಜಪಾನಿನ ಇನ್ನೊಂದು ಜಾತಿಯ ಜೊತೆ ಇದನ್ನು ಕೂಡಿಸಿ ಅಂಥ ತಳಿಗಳನ್ನು ಮಾಡಿದರು. 1978ರಲ್ಲಿ ಬಂದ ಬಿಳಿ ಹೂವಿನ ನ್ಯಾಚೆಜ್ ಅವುಗಳಲ್ಲಿ ಹೆಸರಾದದ್ದು. ಆದರೆ ನಮ್ಮ ಸಸಿಯ ಚೀಟಿಯಲ್ಲಿ ತಳಿಯ ಹೆಸರೇ ಇರಲಿಲ್ಲವಲ್ಲ. ಹಾಗಿದ್ದಾಗ ನಮ್ಮ ಕೈಯಲ್ಲಿ ಉಳಿಯುವುದು ಬಿಸಿಲು ಮತ್ತು ಗಾಳಿ.

2023ರ ಜನವರಿಯಲ್ಲಿ ಗಿಡ ಎಲೆ ಉದುರಿಸಿ ಬರಿದಾಗಿ ನಿಂತಿತ್ತು. ಕೀಳುವುದಿದ್ದರೆ ಅದೇ ಸರಿಯಾದ ಕಾಲ, ಗಿಡ ಮಲಗಿರುತ್ತದೆ. ಅಗೆದು ತೆಗೆದೆವು. ಅರ್ಧಕ್ಕೆ ಕೊಯ್ದ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ತಳದಲ್ಲಿ ತೂತು ಹಾಕಿ, ಕೆಂಪು ಮಣ್ಣು, ಉಸುಕು, ಗೊಬ್ಬರ ಕಲಸಿ ತುಂಬಿ, ಟೆರೇಸಿನ ಮೇಲೆ ಇಟ್ಟೆವು. ಡ್ರಮ್ಮಿನಲ್ಲಿ ನೀರು ತಳದಿಂದ ಹರಿದುಹೋಗುತ್ತದೆ, ಅಂಗಳದ ತೆಗ್ಗಿನ ಹಾಗೆ ನಿಲ್ಲುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಜೂನ್‌ನಲ್ಲಿ ಆ ಗಿಡ ಹೂ ಬಿಟ್ಟದ್ದನ್ನು ನೋಡಿ ವೈನಿ ನನಗೆ ಫೋನ್ ಮಾಡಿ ಈಗಲೇ ಬಾ ಅಂದರು. ಬಿಳಿ ಗೊಂಚಲುಗಳ ಭಾರಕ್ಕೆ ರೆಂಬೆ ಬಾಗಿತ್ತು. ಗಿಡ ಅದೇ. ಬೂದಿ ರೋಗ ಆಮೇಲೂ ಒಂದೆರಡು ಎಲೆಯ ಮೇಲೆ ಕಾಣುತ್ತದೆ, ಔಷಧಿ ಹೊಡೆಯುವಷ್ಟು ಬಂದಿಲ್ಲ. ಕಷ್ಟ ಒಂದೇ. ಏಪ್ರಿಲ್, ಮೇ ತಿಂಗಳಲ್ಲಿ ದಿನಾ ನೀರು ಹಾಕಬೇಕು, ಒಂದು ದಿನ ತಪ್ಪಿದರೂ ಎಲೆ ಜೋತುಬೀಳುತ್ತದೆ. ಮದುವೆ, ಜಾತ್ರೆ ಅಂತ ಊರಿಗೆ ಹೋಗುವವರು ಇದನ್ನು ಮೊದಲೇ ಯೋಚಿಸಬೇಕು.

ಗೇಟಿನ ಗಿಡ

ಸತ್ತ ಗುಲಾಬಿಯ ಜಾಗಕ್ಕೆ 2020ರ ಜೂನ್‌ನಲ್ಲಿ, ಲಾಕ್‌ಡೌನ್ ಸಡಿಲವಾಗಿ ನರ್ಸರಿ ತೆರೆದ ಮೇಲೆ, ಇನ್ನೊಂದು ಗುಲಾಬಿ ತಂದೆವು. ಈ ಸಲ ತೆಗ್ಗು ತೋಡಲಿಲ್ಲ. ಹಳೆಯ ತೆಗ್ಗಿಗೆ ಅಲ್ಲಿಯದೇ ಎರೆ ಮಣ್ಣು ಮರಳಿ ತುಂಬಿ ತುಳಿದೆವು. ಅದರ ಮೇಲೆ ಒಂದೂವರೆ ಅಡಿ ಎತ್ತರ, ನಾಲ್ಕು ಅಡಿ ಅಗಲದ ದಿಬ್ಬ ಮಾಡಿದೆವು. ಎರೆ ಮಣ್ಣು, ಕೆಂಪು ಮಣ್ಣು, ಗೊಬ್ಬರ ಮೂರನ್ನೂ ಕಲಸಿ ಹಾಕಿದ್ದು. ಸಸಿ ಆ ದಿಬ್ಬದ ನೆತ್ತಿಯ ಮೇಲೆ. ಮನೆ ಗೋಡೆಗೆ ಏಳು ಅಡಿ, ಕಂಪೌಂಡಿಗೆ ಮೂರು ಅಡಿ ದೂರ. ಮಧ್ಯಾಹ್ನ ಒಂದೂವರೆವರೆಗೆ ಬಿಸಿಲು. ಅಂದಿನಿಂದ ಇಂದಿನವರೆಗೆ ಅಲ್ಲಿ ಬೇರು ಕೊಳೆತಿಲ್ಲ.

ಬೇರೆ ತೊಂದರೆ ಬಂತು. 2021ರ ಬೇಸಿಗೆಯಲ್ಲಿ ಹೊಸ ಚಿಗುರೆಲ್ಲ ಹಳದಿ. ಎಲೆಯ ನರ ಮಾತ್ರ ಹಸಿರು. ಹಳೆಯ ಎಲೆಗಳು ಸರಿಯಾಗಿದ್ದವು. ಎರೆ ಹೊಲದಲ್ಲಿ ಶೇಂಗಾ ಬೆಳೆದವರಿಗೆ ಈ ಲಕ್ಷಣ ಗೊತ್ತು. ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಸುಣ್ಣದ ಮಣ್ಣಿನಲ್ಲಿ ಅದು ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ನಲ್ಲಿ ನೀರು ಬಾರದ ದಿನಗಳಲ್ಲಿ ಅಣ್ಣ ಬೋರಿನ ನೀರು ಬಿಡುತ್ತಿದ್ದ. ಆ ಗಡಸು ನೀರು ಇದನ್ನು ಇನ್ನೂ ಜಾಸ್ತಿ ಮಾಡಿತು. ಫೆರಸ್ ಸಲ್ಫೇಟನ್ನು ಲೀಟರಿಗೆ ಐದು ಗ್ರಾಂ, ಜೊತೆಗೆ ಸ್ವಲ್ಪ ನಿಂಬೆರಸ ಹಾಕಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆವು. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಚಿಗುರು ಹಸಿರಾಯಿತು. ಮಣ್ಣಿಗೇ ಹಾಕಿದ್ದರೆ ಅದೂ ಗಟ್ಟಿಯಾಗಿ ಕೂತುಬಿಡುತ್ತಿತ್ತು. ಈಗಲೂ ವರ್ಷಕ್ಕೆ ಒಂದೆರಡು ಸಲ ಇದನ್ನು ಮಾಡುತ್ತಾರೆ. ಎರೆ ಮಣ್ಣಿನವರು ಈ ಕೆಲಸಕ್ಕೆ ಒಪ್ಪಿಕೊಂಡೇ ಈ ಗಿಡ ತರಬೇಕು. ದಿಬ್ಬ ಮಾಡಿದರೂ ಬೇರು ಒಂದಲ್ಲ ಒಂದು ದಿನ ಕೆಳಗಿನ ಎರೆಗೆ ಇಳಿಯುತ್ತದೆ.

ಗಿಡ ನೆಟ್ಟಗಾಯಿತು ಅನ್ನುವ ಹೊತ್ತಿಗೆ 2022ರ ಜನವರಿಯಲ್ಲಿ ಒಂದು ಅನಾಹುತ ಆಯಿತು. ಅಣ್ಣ ವೈನಿ ಮಗಳ ಮನೆಗೆ ಹೋಗುವ ಗಡಿಬಿಡಿಯಲ್ಲಿದ್ದರು. ಅಂಗಳ ಸ್ವಚ್ಛ ಮಾಡಲು ಬಂದ ಮಾಲಿ, "ಪೂರಾ ಕಟಿಂಗ್ ಮಾಡಿದ್ರ ಹೂ ಜಾಸ್ತಿ ಬರ್ತಾವ್ರಿ ಸರ್" ಅಂದ. ಆಗಲಿ ಅಂದರು. ಹೆಬ್ಬೆರಳು ದಪ್ಪದ ಆರು ಕಾಂಡಗಳನ್ನು ಮೊಣಕಾಲೆತ್ತರಕ್ಕೆ ಬೋಳಿಸಿದ್ದ.

ಅವನ ಮಾತಿನಲ್ಲಿ ಅರ್ಧ ಸತ್ಯ ಇದೆ. ಈ ಗಿಡ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಚಳಿಗಾಲದಲ್ಲಿ ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ, ಹೂ ಬರುತ್ತದೆ. ಆದರೆ ಬುಡಕ್ಕೇ ಕತ್ತರಿಸಿದರೆ ಪ್ರತಿ ಮೋಟಿನಿಂದ ಹತ್ತು ಹನ್ನೆರಡು ಸಣಕಲು ಚಿಗುರು ಒಟ್ಟಿಗೆ ಏಳುತ್ತವೆ. ಆರು ಅಡಿ ಉದ್ದ, ಬೆರಳಿನಷ್ಟೂ ದಪ್ಪ ಇಲ್ಲ. ತುದಿಯಲ್ಲಿ ದೊಡ್ಡ ಗೊಂಚಲು. ಜುಲೈ ಮಳೆಯಲ್ಲಿ ಗೊಂಚಲು ನೀರು ಕುಡಿದು ಎಲ್ಲವೂ ನೆಲಕ್ಕೆ ಬಾಗಿದವು. ಕೆಲವು ಬುಡದಲ್ಲೇ ಸೀಳಿದವು. ಒಳಗೆ ಗಾಳಿ ಆಡದೇ ಅಲ್ಲೂ ಬೂದಿ ರೋಗ ಬಂತು. ಇನ್ನೊಂದು ನಷ್ಟ ತಕ್ಷಣ ಗೊತ್ತಾಗುವುದಿಲ್ಲ. ಸುಲಿಯುವ ತೊಗಟೆ, ನುಣುಪಾದ ಕಾಂಡ ಹಳೆಯ ಮೈಗೆ ಮಾತ್ರ ಬರುತ್ತದೆ. ವರ್ಷ ವರ್ಷ ಬೋಳಿಸಿದವರು ಅದನ್ನು ನೋಡುವುದೇ ಇಲ್ಲ.

ಸರಿಮಾಡಲು ಎರಡು ವರ್ಷ ಬೇಕಾಯಿತು. 2023ರ ಜನವರಿಯಲ್ಲಿ ನಾನೇ ಕೂತು ಬುಡದಿಂದ ನಾಲ್ಕು ಗಟ್ಟಿ ಚಿಗುರು ಆರಿಸಿ ಉಳಿದವನ್ನು ತೆಗೆದೆ. ಅವನ್ನು ಕೋಲಿಗೆ ಕಟ್ಟಿದೆವು. ಬೇರಿನಿಂದ ಎದ್ದ ಮರಿಗಳನ್ನು ಕಂಡಾಗಲೆಲ್ಲ ಚಿವುಟಿದೆವು. ಆಮೇಲೆ ಪ್ರತಿ ಜನವರಿಯಲ್ಲಿ ಮಾಡುವುದು ಇಷ್ಟೇ: ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಒಳಮುಖ ಬೆಳೆದದ್ದು ತೆಗೆಯುವುದು. ಬೇಸಿಗೆಯ ಹೂ ಮುಗಿದು ಕಾಯಿ ಕಟ್ಟುವ ಮೊದಲು ಗೊಂಚಲನ್ನಷ್ಟೇ ಕತ್ತರಿಸಿದರೆ ಶ್ರಾವಣದ ಹೊತ್ತಿಗೆ ಇನ್ನೊಮ್ಮೆ ಹೂ ಬರುತ್ತದೆ. ಅಣ್ಣ ಈಗ ಯಾವ ಮಾಲಿಗೂ ಆ ಗಿಡ ಮುಟ್ಟಲು ಬಿಡುವುದಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಆ ವರ್ಷ ಗೇಟಿನ ಗಿಡಕ್ಕೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಎರಡು ಕೊಡ ನೀರು ಹಾಕಿದ್ದಷ್ಟೇ. ಒಮ್ಮೆ ಬೇರು ಬಿಟ್ಟ ಮೇಲೆ ಅದು ಬರ ತಡೆಯುತ್ತದೆ. ನೀರಿಗೆ ಕಾಯುವ ನಮ್ಮ ಊರಿಗೆ ಇದು ದೊಡ್ಡ ಗುಣ.

ಪಕ್ಕದ ಮನೆಯ ಕಾರು

2024ರ ಏಪ್ರಿಲ್‌ನಲ್ಲಿ ಪಕ್ಕದ ಮನೆಯ ಕಾಕಾ ಬಂದರು. "ಗಾಡಿ ಮ್ಯಾಲೆಲ್ಲಾ ಅಂಟ ಆಗೈತ್ರಿ, ತೊಳದ್ರ ಹೋಗವಲ್ದು" ಅಂದರು. ಅವರು ಕಾರು ನಿಲ್ಲಿಸುತ್ತಿದ್ದದ್ದು ಗಿಡದ ರೆಂಬೆ ಹೊರಚಾಚಿದ ಜಾಗದಲ್ಲಿ. ಎಲೆಯ ಕೆಳಗೆ ತಿರುಗಿಸಿ ನೋಡಿದರೆ ಸಸ್ಯಹೇನು ಸಾಲುಗಟ್ಟಿತ್ತು. ಹೇನು ಎಲೆಯ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಅದು ಕೆಳಗೆ ಉದುರುತ್ತದೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಇರುವೆ ಸಾಲು ಹಿಡಿಯುತ್ತದೆ.

ಅಣ್ಣ ಬಲವಾದ ಕೀಟನಾಶಕ ತರಲು ಹೊರಟಿದ್ದ. ನಾನು ತಡೆದೆ. ಗುಲಗಂಜಿ ಹುಳ ಆಗಲೇ ಎಲೆಯ ಮೇಲೆ ಓಡಾಡುತ್ತಿತ್ತು, ಅದರ ಮರಿಗಳೂ ಇದ್ದವು. ಹೇನೇ ಅವುಗಳ ಊಟ. ವಿಷ ಹೊಡೆದರೆ ಮೊದಲು ಸಾಯುವುದು ಅವೇ. ಪೈಪಿನಿಂದ ಜೋರಾಗಿ ನೀರು ಹಾಯಿಸಿ ಎಲೆಯ ಕೆಳಭಾಗ ತೊಳೆದೆವು. ಬೇವಿನ ಎಣ್ಣೆ ಲೀಟರಿಗೆ ಐದು ಮಿಲಿ, ಸ್ವಲ್ಪ ಸಾಬೂನು ಸೇರಿಸಿ ವಾರಕ್ಕೊಮ್ಮೆ ಸಂಜೆ ಹೊಡೆದೆವು. ಮೂರು ವಾರಕ್ಕೆ ಹತೋಟಿಗೆ ಬಂತು. ರಸ್ತೆ ಕಡೆಯ ಎರಡು ರೆಂಬೆ ತೆಗೆದೆವು. ಕಾಕಾ ಕಾರನ್ನು ನಾಲ್ಕು ಅಡಿ ಆಚೆ ನಿಲ್ಲಿಸುತ್ತಾರೆ. ಗಾಡಿ ನಿಲ್ಲುವ ಜಾಗದ ಮೇಲೆ ಈ ಗಿಡ ಬೇಡ, ಇಷ್ಟು ಮಾತ್ರ ಯಾರಿಗಾದರೂ ಖಚಿತವಾಗಿ ಹೇಳುತ್ತೇನೆ.

ವೈನಿಯ ದೂರುಗಳೂ ಇವೆ, ಅವು ಸಣ್ಣವಲ್ಲ. ಹೂವಿಗೆ ನಾವು ನಿರೀಕ್ಷಿಸುವ ಪರಿಮಳ ಇಲ್ಲ. ಎಸಳು ಬಹಳ ತೆಳು, ಮಾಲೆ ಕಟ್ಟಲು ಬರುವುದಿಲ್ಲ. ಶ್ರಾವಣ ಸೋಮವಾರ ಅಂಗಳದ ತುಂಬ ಹೂವಿದ್ದರೂ ಪೂಜೆಗೆ ಸೇವಂತಿಗೆಯನ್ನು ಪೇಟೆಯಿಂದಲೇ ತರಬೇಕು. ಮಳೆ ಬಿದ್ದ ಮರುದಿನ ಉದುರಿದ ಎಸಳು ಹಾಸುಗಲ್ಲಿಗೆ ಅಂಟಿಕೊಳ್ಳುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಬೋಳಾಗಿ ನಿಲ್ಲುತ್ತದೆ. ಸಂಕ್ರಾಂತಿಗೆ ಬಂದವರು ಗಿಡ ಒಣಗಿತಾ ಅಂತ ಕೇಳುತ್ತಾರೆ.

ನನಗೆ ಅದಕ್ಕಿಂತ ದೊಡ್ಡ ಕೊರತೆ ಅನ್ನಿಸುವುದು ಬೇರೆ. ಇದು ನೆರಳಿನ ಮರ ಅಲ್ಲ. ಗೇಟಿನ ಗಿಡ ಈಗ 11 ಅಡಿ ಇದೆ, ಅದರ ನೆರಳಲ್ಲಿ ಒಂದು ಕುರ್ಚಿ ಹಾಕಬಹುದು ಅಷ್ಟೇ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಒಂದು ಬೇವು ಅಥವಾ ಹೊಂಗೆ ಕೊಡುವ ತಂಪನ್ನು ಇದು ಎಂದೂ ಕೊಡಲಾರದು. ಇದರ ಹೂವಿನಲ್ಲಿ ಮಕರಂದ ಇಲ್ಲ. ಜೇನುಹುಳ ಪರಾಗಕ್ಕೆ ಬರುತ್ತದೆ, ಬೆಳಿಗ್ಗೆ ಹೊತ್ತು ಗುಂಯ್ ಅನ್ನುತ್ತಿರುತ್ತದೆ. ಆದರೆ ಸೂರಕ್ಕಿ, ಚಿಟ್ಟೆಗಳಿಗೆ ಕುಡಿಯಲು ಏನೂ ಸಿಗುವುದಿಲ್ಲ. ಕಾಯಿ ಒಣ ಕಾಯಿ, ಹಕ್ಕಿ ತಿನ್ನುವ ಹಣ್ಣಲ್ಲ. ಆದ್ದರಿಂದ ಜಾಗ ಇರುವವರು ಹೊಂಗೆ ಕಡಿದು ಅಲ್ಲಿ ಇದನ್ನು ಹಚ್ಚಲು ಕೇಳಿದರೆ ನಾನು ಒಪ್ಪುವುದಿಲ್ಲ. ಹೊಂಗೆ ನಿಲ್ಲದ, ವಾಯರ್ ಕೆಳಗಿನ, ಹತ್ತು ಅಡಿ ಅಂಗಳಕ್ಕೆ ಇದು ಸರಿ.

ಆ ಜಾಗದಲ್ಲಿ ಇದು ಕೊಟ್ಟದ್ದು ಕಡಿಮೆಯೇನಲ್ಲ. ವಾಯರಿಗೆ ತಾಗಿಲ್ಲ. ಕಂಪೌಂಡಿನಲ್ಲಿ ಬಿರುಕಿಲ್ಲ, ಹಾಸುಗಲ್ಲು ಎದ್ದಿಲ್ಲ. ಚಳಿಗಾಲದಲ್ಲಿ ಬೋಳಾಗುವುದರಿಂದ ಬೆಳಗಿನ ಬಿಸಿಲು ನೇರ ಕಟ್ಟೆಗೆ ಬೀಳುತ್ತದೆ, ಅಣ್ಣ ಅಲ್ಲೇ ಕೂತು ಪೇಪರ್ ಓದುತ್ತಾನೆ. ಕಳೆದ ವರ್ಷದಿಂದ ಕಾಂಡದ ಬುಡದಲ್ಲಿ ತೊಗಟೆ ಸುಲಿಯಲು ಶುರುವಾಗಿದೆ. ಒಳಗಿನ ಬಣ್ಣ ತಿಳಿ ಕಂದು, ಮುಟ್ಟಿದರೆ ತಣ್ಣಗೆ ನುಣುಪು. ಅಂಬೆಗಾಲಿಡುತ್ತಿದ್ದ ಮೊಮ್ಮಗನಿಗೆ ಈಗ ಏಳು ವರ್ಷ. ಆ ಸಿಪ್ಪೆ ಆರಿಸಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ.

ಈ ಜನವರಿಯಲ್ಲಿ ಕತ್ತರಿಸಿದ ರೆಂಬೆಗಳಲ್ಲಿ ಪೆನ್ಸಿಲ್ ದಪ್ಪದ ಎಂಟು ಕಡ್ಡಿ ಆರಿಸಿ ವೈನಿ ಉಸುಕಿನಲ್ಲಿ ಊರಿದರು. ಆರು ಬೇರು ಬಿಟ್ಟವು. ಓಣಿಯವರೆಲ್ಲ ಕೇಳುತ್ತಿದ್ದಾರೆ. ವೈನಿ ಸುಮ್ನೆ ಕೊಡುವುದಿಲ್ಲ, ಅವರ ಮನೆಗೆ ಹೋಗಿ ಬರುತ್ತಾರೆ. ಮಧ್ಯಾಹ್ನದವರೆಗೆ ಬಿಸಿಲು ಎಲ್ಲಿ ಬೀಳುತ್ತದೆ, ಜೋರು ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಗಾಡಿ ಎಲ್ಲಿ ನಿಲ್ಲಿಸುತ್ತಾರೆ ಅಂತ ನೋಡುತ್ತಾರೆ. ಇಬ್ಬರಿಗೆ ಅಂಗಳದಲ್ಲಿ ದಿಬ್ಬ ಮಾಡಿಸಿ ಕೊಟ್ಟಿದ್ದಾರೆ. ಒಬ್ಬರಿಗೆ ಟೆರೇಸಿಗೆ, ಡ್ರಮ್ಮಿನಲ್ಲಿ. ಗದಗಿನಲ್ಲಿರುವ ಅವರ ತಂಗಿಯ ಮನೆ ಸುತ್ತ ಪೂರ್ತಿ ಎರೆ, ಬೋರಿನ ನೀರು ಬಿಟ್ಟರೆ ಬೇರೆ ನೀರಿಲ್ಲ. ಅವರಿಗೆ ಕ್ರೇಪ್ ಮರ್ಟಲ್ ಕೊಡಲಿಲ್ಲ, ಒಂದು ಬೇವಿನ ಸಸಿ ಕೊಟ್ಟು ಕಳಿಸಿದರು. ಇನ್ನೂ ಮೂರು ಸಸಿ ಕಟ್ಟೆಯ ಮೇಲೆ ಕಾಯುತ್ತಿವೆ.